72 ವರ್ಷದ ತಾಯಿಗೆ ಕೆಳಗಿನ ಹಲ್ಲಿನ ಸೆಟ್ ನಿಲ್ಲುತ್ತಿಲ್ಲ, ಶುಗರ್ ಕೂಡ ಇದೆ. ದಾವಣಗೆರೆಯಲ್ಲಿ ಇಂಪ್ಲಾಂಟ್ ಹಾಕಿಸಬಹುದೇ?

ಹಾಕಿಸಬಹುದು. ಇಂಪ್ಲಾಂಟ್ ಎಂದರೆ ದವಡೆ ಮೂಳೆಯೊಳಗೆ ಕೂರಿಸುವ ಲೋಹದ ತಿರುಪು. 72 ವಯಸ್ಸು ಅಡ್ಡಿಯಲ್ಲ. ಹತೋಟಿ ತಪ್ಪಿದ ಶುಗರ್, ತಂಬಾಕು, ಕೆಲವು ಔಷಧಿ, ಅಡ್ಡಿ ಇವು. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) 7ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು. 8 ದಾಟಿದ್ದರೆ ಮೊದಲು ಅದನ್ನು ಇಳಿಸಿ. ಎಲೆ ಅಡಿಕೆ ಜೊತೆ ತಂಬಾಕು ಹಾಕುತ್ತಿದ್ದರೆ ಡಾಕ್ಟರ ಹತ್ತಿರ ಮುಚ್ಚಿಡಬೇಡಿ.

ನುಂಗುವ ಮಾತ್ರೆಗಳನ್ನೆಲ್ಲ ತೋರಿಸಿ. ಮೂಳೆ ಸವೆತಕ್ಕೆ ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್, ವರ್ಷಕ್ಕೊಮ್ಮೆ ಕೊಡುವ ಜೊಲೆಡ್ರೊನಿಕ್ ಆಸಿಡ್ ಇಂಜೆಕ್ಷನ್, ಇವನ್ನು ಹಲ್ಲಿಗೇನು ಸಂಬಂಧ ಎಂದು ಮನೆಯವರು ಹೇಳದೇ ಬಿಡುತ್ತಾರೆ. ಇವುಗಳಿಂದಾಗಿ, ಇಂಪ್ಲಾಂಟ್‌ಗೆ ಕೊರೆದ ಜಾಗ ಮಾಯದೆ ದವಡೆ ಮೂಳೆಯೇ ಕೊಳೆಯುವ ಅಪಾಯವಿದೆ. ರಕ್ತ ಹೆಪ್ಪುಗಟ್ಟದಂತೆ ಹೃದಯಕ್ಕೆ ಕೊಟ್ಟ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ನೀವಾಗಿ ನಿಲ್ಲಿಸಬೇಡಿ. ಬಾಯಿಯ ರಕ್ತವನ್ನು ಅದುಮಿ, ಹೊಲಿದು ನಿಲ್ಲಿಸಬಹುದು. ಮಾತ್ರೆ ನಿಲ್ಲಿಸಿ ಹೃದಯದ ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟಿದರೆ ಪ್ರಾಣಕ್ಕೇ ಕುತ್ತು.

ಕೆಳದವಡೆಗೆ ಎರಡೇ ಇಂಪ್ಲಾಂಟ್ ಸಾಕು ಎನ್ನುವುದು ನನ್ನ ಖಚಿತ ಸಲಹೆ. ಕೋರೆಹಲ್ಲಿನ ಜಾಗದಲ್ಲಿ ಎಡಕ್ಕೊಂದು, ಬಲಕ್ಕೊಂದು. ತೆಗೆದು ಹಾಕುವ ಸೆಟ್ ಅದರ ಮೇಲೆ ಟಿಚ್ ಬಟನ್‌ನಂತೆ ಕೂರುತ್ತದೆ. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಹಲ್ಲಿಲ್ಲದ ಕೆಳದವಡೆಗೆ ಮೊದಲ ಆಯ್ಕೆ ಇದೇ ಎಂದರು. ನಾಲ್ಕಾರು ಹಾಕಿ ಫಿಕ್ಸ್ ಮಾಡಿಸಿದರೆ ಅದರಡಿ ಸಣ್ಣ ಬ್ರಷ್ ತೂರಿಸಿ ದಿನಾ ಉಜ್ಜಬೇಕು. ಬೆರಳು ನಡುಗುವ, ಕಣ್ಣು ಮಂಜಾದ ಹಿರಿಯರಿಂದ ಅದಾಗುವುದಿಲ್ಲ. ಕೊಳೆ ಕಟ್ಟಿ, ಒಸಡು ಬಾತು, ಸುತ್ತಲ ಮೂಳೆ ನೋವೇ ಇಲ್ಲದೆ ಕರಗುತ್ತದೆ. ಅಲ್ಲಾಡುವುದು ಗೊತ್ತಾಗುವಷ್ಟರಲ್ಲಿ ಕೈಮೀರಿರುತ್ತದೆ.

ಬಾಪೂಜಿ ಡೆಂಟಲ್ ಕಾಲೇಜಿನಲ್ಲೋ ಕಾಲೇಜ್ ಆಫ್ ಡೆಂಟಲ್ ಸೈನ್ಸಸ್‌ನಲ್ಲೋ ಪ್ರಾಸ್ತೊಡಾಂಟಿಕ್ಸ್ (ಕೃತಕ ಹಲ್ಲು ಕಟ್ಟುವ) ವಿಭಾಗಕ್ಕೆ ಮೊದಲು ತೋರಿಸಿ. ಇಡೀ ದವಡೆ ತೋರಿಸುವ ಒಪಿಜಿ ಎಕ್ಸ್‌ರೇಯಲ್ಲಿ ಮೂಳೆಯ ಎತ್ತರವಷ್ಟೇ ಕಾಣುತ್ತದೆ, ದಪ್ಪ ತಿಳಿಯಲು ಸಿಬಿಸಿಟಿ ಎಂಬ 3ಡಿ ಸ್ಕ್ಯಾನ್ ಬೇಕು. ಇಂಪ್ಲಾಂಟಿನ ತುದಿಗೂ ದವಡೆಯೊಳಗಿನ ನರಕ್ಕೂ ಕನಿಷ್ಠ 2 ಮಿ.ಮೀ. ಅಂತರವಿರಬೇಕು, ಇಲ್ಲದಿದ್ದರೆ ಕೆಳತುಟಿ ಮರಗಟ್ಟಬಹುದು. ಬೆಳಗಿನ ಸಮಯ ಕೇಳಿ, ಅಮ್ಮ ತಿಂಡಿ ತಿಂದು ಶುಗರ್ ಮಾತ್ರೆ ತೆಗೆದುಕೊಂಡೇ ಹೋಗಲಿ. ಖಾಲಿ ಹೊಟ್ಟೆಯಲ್ಲಿ ಶುಗರ್ ಕುಸಿದರೆ ಕುರ್ಚಿಯಲ್ಲೇ ತಲೆ ಸುತ್ತುತ್ತದೆ.

ಇಂಪ್ಲಾಂಟನ್ನು ಮೂಳೆ ಗಟ್ಟಿಯಾಗಿ ಹಿಡಿಯಲು ಸುಮಾರು ಮೂರು ತಿಂಗಳು. ಅಷ್ಟರವರೆಗೆ ಹಳೇ ಸೆಟ್ಟನ್ನು ಒಳಗಿನಿಂದ ತರಿದು, ಮೆತ್ತನೆ ಲೈನರ್ ಹಾಕಿಕೊಡುತ್ತಾರೆ. ರೊಟ್ಟಿ ನೆನೆಸಿ ತಿನ್ನಲಿ, ಮಂಡಕ್ಕಿ ಬೇಡ. ರಾತ್ರಿ ಸೆಟ್ ತೆಗೆದು ನೀರಿನಲ್ಲಿಡಿ, ಇಂಪ್ಲಾಂಟ್ ತಲೆಯನ್ನು ಮೆತ್ತನೆ ಬ್ರಷ್‌ನಿಂದ ಉಜ್ಜಿ.

ವರ್ಷ ಕಳೆದ ಮೇಲೆ ಸೆಟ್ ಸಡಿಲವಾದರೆ ಇಂಪ್ಲಾಂಟ್ ಹೋಯಿತೆಂದು ಗಾಬರಿಯಾಗಬೇಡಿ. ಹೆಚ್ಚಿನ ಸಲ ಸವೆದಿರುವುದು ಸೆಟ್ಟಿನೊಳಗಿನ ನೈಲಾನ್ ಕ್ಯಾಪ್. ಅದನ್ನು ಕೆಲವೇ ನಿಮಿಷದಲ್ಲಿ ಬದಲಿಸುತ್ತಾರೆ. ಕ್ಯಾಪ್ ಕಂಪನಿಗೊಂದು ಥರ ಇರುವುದರಿಂದ ಇಂಪ್ಲಾಂಟಿನ ಕಂಪನಿ, ಅಳತೆ ಬರೆದ ಕಾರ್ಡನ್ನು ಮೊದಲ ದಿನವೇ ಕೇಳಿ ಪಡೆಯಿರಿ.