ಕೆಂಪು ಪೆನ್ನು ಕೆಳಗಿಡಲಾಗದ ಟೀಚರ್

(ನಾನು ಆಪ್ತಸಮಾಲೋಚಕ. ಇದು ನನ್ನ ಬಳಿ ಬಂದಿದ್ದ ಒಬ್ಬರ ಕಥೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಅವರು ಕೂರುವ ಮೊದಲೇ ಹೇಳಿದರು: “ಸಾರ್, ಹೊರಗೆ ನಿಮ್ಮ ಬೋರ್ಡಿನಲ್ಲಿ ‘ಮಧ್ಯಾನ್ಹ’ ಅಂತ ಬರೆಸಿದ್ದೀರಿ. ‘ಮಧ್ಯಾಹ್ನ’ ಆಗಬೇಕು. ಹ ಅಕ್ಷರಕ್ಕೆ ನ ಒತ್ತು.” ಆಮೇಲೆ ಕೂತರು. ಬಟ್ಟೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸದ್ದಿಲ್ಲದೆ ಅತ್ತರು.

ಮಲೆನಾಡಿನ ಒಂದು ಊರು. ನಿವೃತ್ತ ಕನ್ನಡ ಟೀಚರ್, ವಯಸ್ಸು 62. ಊರಿನ ಶಾಲೆಗೆ ನೂರು ವರ್ಷ ತುಂಬುತ್ತಿತ್ತು. ಸ್ಮರಣ ಸಂಚಿಕೆಗೆ ಇವರೇ ಸಂಪಾದಕಿ, ಬರೆಯುವವರು 70 ಜನ. ಎರಡು ತಿಂಗಳಿಂದ ರಾತ್ರಿ ಮೂರಕ್ಕೆ ಎಚ್ಚರ. ಎದ್ದವರು ಬೆಳಗಿನವರೆಗೂ ಲೇಖನ ತಿದ್ದುತ್ತಾರೆ. ಊಟ ಸೇರುತ್ತಿತ್ತು, ಮೊಮ್ಮಗಳ ಜೊತೆ ನಗುತ್ತಿದ್ದರು, ಸಾಯುವ ಯೋಚನೆ ಇರಲಿಲ್ಲ. ಬಿಪಿ, ಥೈರಾಯ್ಡ್ ಎರಡನ್ನೂ ಡಾಕ್ಟರು ನೋಡಿದ್ದರು. ಮನೋವೈದ್ಯರ ಬಳಿ ಕಳಿಸುವ ಅಗತ್ಯ ನನಗೆ ಕಾಣಲಿಲ್ಲ.

ಮೊದಲ ಭೇಟಿಯಲ್ಲಿ ನಾನೇ ಎಡವಿದೆ. “ಒಬ್ಬರೇ ಯಾಕೆ ಹೊರುತ್ತೀರಿ? ಇಬ್ಬರು ಚಿಕ್ಕ ವಯಸ್ಸಿನ ಟೀಚರುಗಳಿಗೆ ಹಂಚಿ” ಎಂದೆ. ಹಂಚಿದರು. ಅವರಿಬ್ಬರು ತಿದ್ದಿದ್ದನ್ನೆಲ್ಲ ಮತ್ತೆ ತಾವೇ ತಿದ್ದಿದರು. ಎಚ್ಚರವಾಗುವ ಹೊತ್ತು ಮೂರರಿಂದ ಎರಡಕ್ಕೆ ಬಂತು.

ಎರಡನೇ ಸಲ ಚೀಲದಲ್ಲಿ ಏನಿದೆ ತೋರಿಸಿ ಎಂದೆ. 84 ವರ್ಷದ ಹಳೆ ವಿದ್ಯಾರ್ಥಿಯೊಬ್ಬರು ರೂಲ್ ಹಾಳೆಯಲ್ಲಿ ಬರೆದು ಕಳಿಸಿದ್ದರು: “ಮಳೆಗಾಲ ನಾಕು ತಿಂಗ್ಳೂ ಕಂಬ್ಳಿ ಕೊಪ್ಪೆ ಹೊದ್ಕಂಡೇ ಹೋಗ್ತಿದ್ವಿ. ಒದ್ದೆ ಕಂಬ್ಳಿ ವಾಸ್ನೆ ಬಂದ್ರೆ ನಂಗೆ ಈಗ್ಲೂ ಇಸ್ಕೂಲು.”

ಅದರ ಜೊತೆಗೆ ಪಿನ್ ಮಾಡಿದ್ದ ಟೀಚರ್ ಪ್ರತಿ ಹೀಗಿತ್ತು: “ವರ್ಷಾಕಾಲದಲ್ಲಿ ನಾವು ಕಂಬಳಿಯನ್ನು ಧರಿಸಿ ಶಾಲೆಗೆ ತೆರಳುತ್ತಿದ್ದೆವು. ಅದರ ವಾಸನೆಯು ಇಂದಿಗೂ ನನ್ನ ಶಾಲಾ ದಿನಗಳನ್ನು ಸ್ಮರಣೆಗೆ ತರುತ್ತದೆ.”

ಒಂದೂ ತಪ್ಪಿಲ್ಲ. ಕೊಪ್ಪೆಯೂ ಇಲ್ಲ, ಅಜ್ಜನೂ ಇಲ್ಲ. ಅಜ್ಜ ಫೋನ್ ಮಾಡಿ, “ಟೀಚರೇ, ಚೆನ್ನಾಗಿದೆ. ಯಾರು ಬರ್ದಿದ್ದು ಇದು?” ಅಂದರಂತೆ. ಅವರು ಕುಹಕ ಮಾಡಿರಲಿಲ್ಲ, ನಿಜವಾಗಿಯೇ ಕೇಳಿದ್ದರು. ನಿದ್ದೆ ಕೆಟ್ಟದ್ದು ಅಂದಿನಿಂದ.

ಹಾಗಾದರೆ ಬಿಟ್ಟುಬಿಡಬಹುದಿತ್ತಲ್ವಾ? ಆಗಲಿಲ್ಲ. ಯಾಕೆ ಎಂದು ಕೇಳಿದಾಗ ಅಪ್ಪನ ವಿಷಯ ಬಂತು. ಅಪ್ಪ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಒಮ್ಮೆ ಲಗ್ನಪತ್ರಿಕೆಯಲ್ಲಿ ಮದುಮಗಳ ಹೆಸರು ತಪ್ಪಾಗಿ ಅಚ್ಚಾಯಿತು. ಮಾಲೀಕ ಸಂಬಳ ಹಿಡಿದ. ಆ ರಾತ್ರಿ ಅಪ್ಪ ಊಟ ಮಾಡಲಿಲ್ಲ. ಇವರಿಗಾಗ ಒಂಬತ್ತು ವರ್ಷ. “ಅಚ್ಚಾದ ತಪ್ಪು ಅಳಿಸೋಕಾಗಲ್ಲ ಸಾರ್.”

“ಆಮೇಲೆ ಪತ್ರಿಕೆ ಏನು ಮಾಡಿದ್ರಿ?”

ಸ್ವಲ್ಪ ಹೊತ್ತು ಯೋಚಿಸಿದರು. ಮನೆಮಂದಿಯೆಲ್ಲ ಕೂತು 300 ಪ್ರತಿಗಳನ್ನೂ ಪೆನ್ನಿನಲ್ಲಿ ತಿದ್ದಿದ್ದರಂತೆ. ಮದುವೆ ನಡೆಯಿತಂತೆ. ಹೋಳಿಗೆ ಊಟಕ್ಕೆ ಇವರೂ ಹೋಗಿದ್ದರಂತೆ! ಅಷ್ಟು ವರ್ಷ ಅವರ ನೆನಪಿನಲ್ಲಿ ಹೋಳಿಗೆ ಇರಲೇ ಇಲ್ಲ.

ಕಾರಣ ಗೊತ್ತಾದ ಮಾತ್ರಕ್ಕೆ ಕೈ ನಿಲ್ಲುವುದಿಲ್ಲ. ಕೈಗೆ ಬೇರೆ ಕೆಲಸ ಕೊಡಬೇಕು. ಅಲ್ಲಿಂದ ನಮ್ಮ ಮಾತೆಲ್ಲ ಸಂಚಿಕೆಯ ಬಗ್ಗೆಯೇ ಆಯಿತು.

ಮೇಜಿನ ಮೇಲೆ ಮೂರು ಗುಡ್ಡೆ ಮಾಡಿಸಿದೆ. ಕಾಗುಣಿತ, ಇಸವಿ, ಹೆಸರುಗಳ ತಪ್ಪು: ಇದನ್ನು ಯಾರನ್ನೂ ಕೇಳದೆ ತಿದ್ದಿ. ಅರ್ಥವಾಗದ್ದು, ಉದ್ದವಾದದ್ದು, ಅನುಮಾನ ಬರುವಂಥದ್ದು: ಬರೆದವರನ್ನು ಕೇಳಿ, ನೀವು ಬರೆದುಕೊಡಬೇಡಿ. ಬರೆದವರ ಮಾತಿನ ಧಾಟಿ: ಮುಟ್ಟಬೇಡಿ. ಮೂರನೆಯದಕ್ಕೆ ಅವರು ಒಂದು ಗಂಟೆ ವಾದಿಸಿದರು. “‘ಹೊದ್ಕಂಡು’ ಅಂತ ಅಚ್ಚು ಹಾಕಿದ್ರೆ ಜನ ನನ್ನನ್ನು ಏನಂತಾರೆ?” ಸಂಚಿಕೆ ಅಜ್ಜನ ನೆನಪಿಗಾಗಿಯೋ, ನಿಮ್ಮ ಮಾನಕ್ಕಾಗಿಯೋ ಎಂದು ಕೇಳಿದೆ. ಸ್ವಲ್ಪ ಒರಟಾಯಿತೇನೋ. ಕೆಲಸ ಮಾಡಿತು.

ಗುಡ್ಡೆ ಮಾಡುವಾಗ ಇನ್ನೊಂದು ಸಂಗತಿ ಹೊರಬಿತ್ತು. ಹೊಸ ಕಟ್ಟಡ ಯಾವ ವರ್ಷ ಶುರುವಾಯಿತು ಎಂದು ಮೂವರು ಬರೆದಿದ್ದರು: 1952, 1954, 1956. ಹಳೆಯ ಹೆಡ್‌ಮಾಸ್ಟರೊಬ್ಬರ ಇನಿಷಿಯಲ್ ಎರಡು ಥರ ಇತ್ತು. ಟೀಚರ್ ‘ರವರು’ ಹುಡುಕಿ ಹುಡುಕಿ ‘ಅವರು’ ಮಾಡುವುದರಲ್ಲಿ ಮೂರು ರಾತ್ರಿ ಕಳೆದಿದ್ದರು. ಇಸವಿ ಕಣ್ಣಿಗೇ ಬಿದ್ದಿರಲಿಲ್ಲ. ಗುಣಮಟ್ಟ ಅಂದರೆ ನಮಗೆ ಹುಡುಕಲು ಚೆನ್ನಾಗಿ ಬರುವ ತಪ್ಪನ್ನೇ ಹಿಡಿಯುವುದು ಎಂದುಕೊಳ್ಳುತ್ತೇವೆ, ನಾನೂ ಹಾಗೇ. ಶಾಲೆಯ ದಾಖಲಾತಿ ಪುಸ್ತಕ, ಕಟ್ಟಡದ ಕಲ್ಲುಬರಹ ನೋಡಿ ಬರುವ ಕೆಲಸವನ್ನು ಆ ಇಬ್ಬರು ಟೀಚರುಗಳಿಗೆ ಕೊಡಿಸಿದೆ. ಈ ಸಲ ಹಂಚಿದ ಕೆಲಸ ಅವರಿಬ್ಬರ ಬಳಿಯೇ ಉಳಿಯಿತು, ಏಕೆಂದರೆ ಅದನ್ನು ಮತ್ತೆ ತಿದ್ದಲು ಬರುವುದಿಲ್ಲ.

ಬರಹಗಾರರ ಮೇಲಿನ ಸಿಟ್ಟೂ ಜಾಸ್ತಿ ಇತ್ತು. “ಒಂದು ಅರ್ಕಾವತ್ತು ನೆಟ್ಟಗೆ ಹಾಕಲ್ಲ ಸಾರ್.” ನೋಡಿದರೆ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ಬದಲಿಸುವಾಗ ಒತ್ತು, ಅರ್ಕಾವತ್ತು ಚೆಲ್ಲಾಪಿಲ್ಲಿಯಾಗಿದ್ದವು. ಮೂಲ ಕಡತ ತರಿಸಿದಾಗ ಅರ್ಧ ಸಿಟ್ಟು ಇಳಿಯಿತು.

ಇನ್ನೂ 30 ಜನ ಬರೆದು ಕೊಡಬೇಕಿತ್ತು. ಅವರಿಗೆ ಹೋಗಿದ್ದ ಕಾಗದದಲ್ಲಿ “ತಮ್ಮ ಸವಿನೆನಪುಗಳನ್ನು ಹಂಚಿಕೊಳ್ಳಿ” ಎಂದಷ್ಟೇ ಇತ್ತು. ಹಾಗೆ ಕೇಳಿದರೆ “ಅಂದಿನ ಆ ಸುವರ್ಣ ದಿನಗಳು” ಎಂದು ಶುರುವಾಗುವ 30 ಲೇಖನ ಬರುತ್ತವೆ, ಬೇರೇನು ಬಂದೀತು? ಕಾಗದವನ್ನು ಅವರಿಂದಲೇ ಮತ್ತೆ ಬರೆಸಿದೆ. ಒಂದು ದಿನ, ಒಬ್ಬ ಮೇಷ್ಟ್ರು ಅಥವಾ ಒಂದು ವಸ್ತುವಿನ ಬಗ್ಗೆ ಬರೆಯಿರಿ. 600 ಪದ ಮೀರಬೇಡಿ. ನೀವು ಓದಿದ ವರ್ಷಗಳನ್ನು ಟಿಸಿ ನೋಡಿ ಹಾಕಿ. ಫೋಟೋ ಹಿಂದೆ ಹೆಸರು ಬರೆಯಿರಿ. ಆಮೇಲೆ ಬಂದ ಬರಹಗಳನ್ನು ಟೀಚರೇ ಓದಿ ಹೇಳಿದರು, ಒಂದು ಕೇವಲ ಶಾಲೆಯ ಗಂಟೆಯ ಬಗ್ಗೆ ಇತ್ತು.

ಎರಡು ಸಂದರ್ಭಗಳನ್ನು ನಾವು ಮಾತಾಡಿ ಅಭ್ಯಾಸ ಮಾಡಿದೆವು. ಒಬ್ಬರ ಲೇಖನ ಇನ್ನೆಲ್ಲಿಂದಲೋ ಎತ್ತಿದ್ದು. “ಇದು ಬೇರೆ ಕಡೆ ಓದಿದ ಹಾಗಿದೆ. ನಿಮ್ಮದೇ ಒಂದು ಪುಟ ಬರೆದು ಕೊಡ್ತೀರಾ?” ಎಂದು ಕೇಳಲು ನಾಲ್ಕು ಸಲ ಹೇಳಿಸಿದೆ. ಮೊದಲ ಮೂರು ಸಲ ಅವರೇ ಕ್ಷಮೆ ಕೇಳುತ್ತಿದ್ದರು! ಇನ್ನೊಂದು, ಸಮಿತಿ ಅಧ್ಯಕ್ಷರ ಅಳಿಯನ ಪದ್ಯ. ಅದನ್ನು ಒಬ್ಬರೇ ನಿರಾಕರಿಸಬೇಡಿ, ಸಮಿತಿಯ ಮುಂದಿಡಿ ಎಂದೆ.

ನಿದ್ದೆಗೆ ಹೇಳಿದ್ದು ಕಡಿಮೆ. ರಾತ್ರಿ ಎಂಟರ ನಂತರ ಚೀಲ ಮಗನ ಬೀರುವಿನಲ್ಲಿ, ಬೀಗದೊಳಗೆ. ಎಚ್ಚರವಾಗಿ ಇಪ್ಪತ್ತು ನಿಮಿಷ ಕಳೆದರೂ ನಿದ್ದೆ ಬಾರದಿದ್ದರೆ ಎದ್ದು ಬೇರೆ ಕೋಣೆಯಲ್ಲಿ ಕೂರಬೇಕು, ತೂಕಡಿಕೆ ಬಂದಾಗಲೇ ಹಾಸಿಗೆಗೆ. ಯಾವ ಹೊತ್ತಿಗೆ ಮಲಗಿದರೂ ಬೆಳಗ್ಗೆ ಏಳುವ ಹೊತ್ತು ಒಂದೇ.

ಒಂದು ದಿನ ಅವರೇ ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಮಾತೆತ್ತಿದರು. 8 ಸಂಪುಟ, 1970ರಲ್ಲಿ ಮೊದಲನೆಯದು, 1995ರಲ್ಲಿ ಕೊನೆಯದು. “ಅಷ್ಟು ಜನ ಸೇರಿದರೂ ಒಂದೇ ಹದ ಇದೆಯಲ್ಲ ಸಾರ್?” ಮೊದಲ ಸಂಪುಟದಿಂದ ಕೊನೆಯದು ಬರಲಿಕ್ಕೇ 25 ವರ್ಷ ಹಿಡಿಯಿತು, ನಿಮಗೆ ಉಳಿದಿರುವುದು 25 ದಿನ ಎಂದೆ. ಮೊದಲ ಸಲ ಜೋರಾಗಿ ನಕ್ಕರು. ಆಮೇಲೆ ಗಂಭೀರವಾಗಿ, “ಹಾಗಿದ್ರೆ ಒಪ್ಪೋಲೆಗೆ ಈಗಲೇ ಅರ್ಧ ಪುಟ ಬಿಡ್ತೀನಿ” ಎಂದರು. ಹಳೆಯ ಪುಸ್ತಕಗಳ ಕೊನೆಯಲ್ಲಿ ಇರುತ್ತಿದ್ದ ತಪ್ಪು-ಒಪ್ಪುಗಳ ಆ ಪಟ್ಟಿ ನನಗೆ ಹೊಳೆದೇ ಇರಲಿಲ್ಲ. ಮುದ್ರಣಕ್ಕೆ ಹೋಗುವ ಮುನ್ನ ಕಣ್ಣಿಗೆ ಬಿದ್ದ ಏಳು ತಪ್ಪುಗಳು ಅಲ್ಲಿ ಸೇರಿದವು. ಪುಟ ಬಿಚ್ಚಿ ಕಟ್ಟುವ ಬದಲು ಹಾಗೇ ಬಿಟ್ಟರು.

ಸಂಚಿಕೆ ಬಂದಿದೆ. 41ನೇ ಪುಟದಲ್ಲಿ ಒದ್ದೆ ಕಂಬಳಿ ಅಜ್ಜನ ಮಾತಿನಲ್ಲೇ ಇದೆ. ಅಳಿಯನ ಪದ್ಯವೂ ಇದೆ. ಸಮಿತಿ ಒಪ್ಪಿಬಿಟ್ಟಿತು, ಅದರ ಬಗ್ಗೆ ಟೀಚರಿಗೆ ಇನ್ನೂ ಸಿಟ್ಟಿದೆ. ರಾತ್ರಿ ಹನ್ನೊಂದಕ್ಕೆ ಮಲಗುತ್ತಾರೆ, ಐದಕ್ಕೆ ಏಳುತ್ತಾರೆ. ಕೊನೆಯ ಭೇಟಿಯ ದಿನ ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು: “ಬೋರ್ಡು ಯಾವಾಗ ಸರಿ ಮಾಡಿಸ್ತೀರಿ?”