ಓದುಗರ ಪ್ರಶ್ನೆ: ಮಳೆಯಿಲ್ಲದೆ ತುಂಬುವ ತೊರೆ

ಪ್ರಶ್ನೆ: ಸ್ವಿಟ್ಜರ್ಲೆಂಡಿನ ಲೌಟರ್‌ಬ್ರುನ್ನೆನ್‌ನಿಂದ ಮಗಳು ಜುಲೈಯಲ್ಲಿ ಫೋಟೋ ಕಳಿಸಿದ್ದಾಳೆ. ಒಳ್ಳೆ ಬಿಸಿಲು; ಆದರೂ ಹೊಳೆ ತುಂಬಿದೆ, ನೀರು ಥೇಟ್ ಅಕ್ಕಚ್ಚಿನ ಬಣ್ಣ. ಇದು ಎಲ್ಲಿ ಹುಟ್ಟಿ ಎಲ್ಲಿಗೆ ಹೋಗುತ್ತದೆ?
– ಓದುಗರು, ಮಣಿಪಾಲ

ಉತ್ತರ: ಅದು ವೈಸೆ ಲ್ಯೂಚಿನೆ, ಅಂದರೆ ಬಿಳಿ ಲ್ಯೂಚಿನೆ. ಕಣಿವೆಯ ತಲೆಯಲ್ಲಿರುವ ಹಿಮನದಿಗಳಿಂದ ಹೊರಡುತ್ತದೆ. ಹಿಂದೆ ದೊಡ್ಡ ಹಿಮನದಿ ಈ ಕಣಿವೆಯನ್ನು ಆಳವಾಗಿ ಕೊರೆಯಿತು. ಪಕ್ಕದ ಸಣ್ಣ ಕಣಿವೆಗಳು ಮೇಲೆಯೇ ಉಳಿದವು. ಹಾಗಾಗಿ ಅಲ್ಲಿನ ತೊರೆಗಳು ಗೋಡೆಯಂಥ ಬಂಡೆಯಿಂದ ನೇರ ಧುಮುಕುತ್ತವೆ. ಸ್ಟೌಬ್‌ಬಾಖ್ ಜಲಪಾತ ಬೀಳುವುದು 297 ಮೀಟರ್. ಐಗರ್, ಮೋಂಖ್, ಯುಂಗ್‌ಫ್ರೌ ಶಿಖರಗಳ ಹಿಮನೀರನ್ನು ತರುವ ಟ್ರುಮ್ಮೆಲ್‌ಬಾಖ್ ಬೆಟ್ಟದ ಹೊಟ್ಟೆಯೊಳಗೇ ಕೊರೆದುಕೊಂಡು ಇಳಿಯುತ್ತದೆ. ಉಕ್ಕಿದಾಗ ಸೆಕೆಂಡಿಗೆ 20,000 ಲೀಟರ್‌ವರೆಗೆ.

ಲೌಟರ್‌ಬ್ರುನ್ನೆನ್ ಸುಮಾರು 795 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ನಾಲ್ಕು ಕಿ.ಮೀ. ಕೆಳಗೆ, 650 ಮೀಟರ್ ಆಸುಪಾಸಿನ ತ್ಸ್ವೈಲ್ಯೂಚಿನೆನ್‌ನಲ್ಲಿ ಗ್ರಿಂಡೆಲ್‌ವಾಲ್ಡ್ ಕಡೆಯಿಂದ ಬರುವ ಕಪ್ಪು ಲ್ಯೂಚಿನೆ ಸೇರುತ್ತದೆ. ಕಿಲೋಮೀಟರಿಗೆ 35 ಮೀಟರಿನಷ್ಟು ಇಳಿಜಾರು. ಸದ್ದು ಸುಮ್ಮನೆ ಬರುವುದಲ್ಲ! ಮುಂದೆ ಬೋನಿಗೆನ್‌ನಲ್ಲಿ 564 ಮೀಟರ್ ಎತ್ತರದ ಬ್ರಿಯೆಂಜ್ ಸರೋವರ, ನಂತರ ಆರೆ ನದಿ, ಥೂನ್ ಸರೋವರ, ಬರ್ನ್ ನಗರ, ರೈನ್ ನದಿ, ಕೊನೆಗೆ ಉತ್ತರ ಸಮುದ್ರ. ನಮ್ಮ ಸೀತಾ ನದಿಗೆ ಇಷ್ಟು ದಾರಿಯಿಲ್ಲ: ಘಾಟಿ ಇಳಿದು, ಹೆಬ್ರಿ ದಾಟಿ, ಕೋಡಿ ಬೆಂಗ್ರೆಯ ಅಳಿವೆಯಲ್ಲಿ ಸ್ವರ್ಣೆಯ ಜೊತೆ ಕಡಲು.

ಅಕ್ಕಚ್ಚಿನ ಬಣ್ಣ ಕಲ್ಲಿನ ಹಿಟ್ಟಿನದು. ಹಿಮನದಿ ಜಾರುವಾಗ ತಳದ ಬಂಡೆಯನ್ನು ಬೀಸುಕಲ್ಲಿನಂತೆ ಅರೆಯುತ್ತದೆ. ದಪ್ಪ ಕಣ ಸರೋವರದ ಬಾಯಲ್ಲೇ ಕೂರುತ್ತದೆ. ತೀರಾ ನಯವಾದದ್ದು ತೇಲುತ್ತಲೇ ಇರುವುದರಿಂದ ಬ್ರಿಯೆಂಜ್ ನೀಲಿ-ಹಸಿರಾಗಿ ಕಾಣುತ್ತದೆ.

ಪ್ರಶ್ನೆ: ಅಂಥ ತೊರೆಯನ್ನು ನಡೆದು ದಾಟಬಹುದೇ?
– ಓದುಗರು, ಮಂಗಳೂರು

ಉತ್ತರ: ಸೇತುವೆ ಇದ್ದರೆ ಸೇತುವೆಯೇ. ಇಲ್ಲವಾದರೆ ಬೆಳಗ್ಗೆ ಬೇಗ. ಹಿಮ ಕರಗುವುದು ಬಿಸಿಲಿಗೆ. ಆ ನೀರು ಕೆಳಗೆ ತಲುಪಲು ಕೆಲವು ಗಂಟೆ ಬೇಕು. ಹಾಗಾಗಿ ಬೇಸಿಗೆಯಲ್ಲಿ ಸಂಜೆಯ ಹೊತ್ತಿಗೆ ತೊರೆ ಏರುತ್ತದೆ, ನಸುಕಿಗೆ ಇಳಿಯುತ್ತದೆ. ಬೆಳಗ್ಗೆ ಮೊಣಕಾಲಿಗೆ ಸಿಕ್ಕಿದ ಜಾಗ ವಾಪಸು ಬರುವಾಗ ತೊಡೆ ಮೀರಬಹುದು. ಕಲಕಿದ ನೀರಿನಲ್ಲಿ ತಳ ಕಾಣದು, ಉರುಳುವ ಕಲ್ಲೂ ಕಾಣದು. ನೀರು ಮಂಜುಗಡ್ಡೆಯಷ್ಟೇ ತಣ್ಣಗೆ, ಕಾಲು ಬೇಗ ಮರಗಟ್ಟುತ್ತದೆ. ನಮ್ಮ ಘಟ್ಟದ ತೋಡಿಗೆ ಈ ಗಡಿಯಾರವಿಲ್ಲ. ಮೇಲೆ ಕಾಡಿನಲ್ಲಿ ಮಳೆ ಹೊಯ್ದರೆ ಯಾವ ಗಳಿಗೆಯಲ್ಲೂ ನೆರೆ.

ಪ್ರಶ್ನೆ: ಶಾಲೆಯ ಪಕ್ಕದ ತೋಡಿನ ಹರಿವನ್ನು ಮಕ್ಕಳಿಂದ ಅಳೆಸುವುದು ಹೇಗೆ?
– ಓದುಗರು, ಕಾರ್ಕಳ

ಉತ್ತರ: ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ ಮಾಡಿ. ನೇರವಾಗಿರುವ 10 ಮೀಟರ್ ಉದ್ದವನ್ನು ಎರಡು ಹಗ್ಗ ಕಟ್ಟಿ ಗುರುತಿಸಿ. ಅಗಲ ಅಳೆಯಿರಿ, ಅಡ್ಡಕ್ಕೆ ನಾಲ್ಕೈದು ಕಡೆ ಕೋಲಿಳಿಸಿ ಆಳದ ಸರಾಸರಿ ತೆಗೆಯಿರಿ. ಮೇಲಿನ ಹಗ್ಗಕ್ಕಿಂತ ತುಸು ಹಿಂದೆ, ನಡುನೀರಿಗೆ ಕಿತ್ತಳೆ ಬಿಡಿ. ಎಲೆ ಬೇಡ, ಗಾಳಿ ಎಳೆದೊಯ್ಯುತ್ತದೆ. ಕಿತ್ತಳೆ ಹೆಚ್ಚುಕಡಿಮೆ ಮುಳುಗಿಯೇ ತೇಲುವುದರಿಂದ ನೀರಿನ ವೇಗವನ್ನೇ ಹಿಡಿಯುತ್ತದೆ. ಮೂರು ಸಲ ಸಮಯ ನೋಡಿ.

ಅಗಲ 2 ಮೀಟರ್, ಆಳ 0.25, ಸಮಯ 20 ಸೆಕೆಂಡ್ ಎಂದಿಟ್ಟುಕೊಳ್ಳಿ. ವೇಗ ಸೆಕೆಂಡಿಗೆ 0.5 ಮೀಟರ್; ಅಗಲ, ಆಳ, ವೇಗ ಮೂರನ್ನೂ ಗುಣಿಸಿದರೆ ಸೆಕೆಂಡಿಗೆ 0.25 ಘನ ಮೀಟರ್. ತಳದ ನೀರು ಮೇಲಿನದಕ್ಕಿಂತ ನಿಧಾನ, ಆದ್ದರಿಂದ 0.8ರಿಂದ ಗುಣಿಸಿ: 0.2 ಘನ ಮೀಟರ್, ಅಂದರೆ 200 ಲೀಟರ್. ಉಕ್ಕಿದ ಟ್ರುಮ್ಮೆಲ್‌ಬಾಖ್ ಎಂದರೆ ಇಂಥ ನೂರು ತೋಡು. ಕಟ್ಟ ಹಾಕಿದ ಜಾಗದ ಹಿಂದೆ ಮಾತ್ರ ಅಳೆಯಬೇಡಿ. ಅಲ್ಲಿ ನೀರು ನಿಂತಿರುತ್ತದೆ, ಕಿತ್ತಳೆ ಸುತ್ತುತ್ತಾ ಕೂತುಬಿಡುತ್ತದೆ.