ಮೊಬೈಲನ್ನು ಬೈದರೆ ಸಾಲದು, ಕಣ್ಣಿನ ಒಳಗೆ ನೋಡಿಸಿ

ಮಂಡ್ಯದ ಓದುಗರೊಬ್ಬರ ಪತ್ರ: “ನನ್ನ ತಂಗಿ ಮಗನಿಗೆ ಹನ್ನೊಂದು ವರ್ಷ. ಅವನಿಗೆ ತಾಯಿಯ ಕಿಡ್ನಿಯನ್ನೇ ಹಾಕಿಸಿದ್ದೇವೆ. ಈಗ ದಿನಾ ತಲೆನೋವು ಅಂತಾನೆ. ಬಗ್ಗಿ ಎದ್ದರೆ ಕಣ್ಣು ಕತ್ತಲೆ ಬರುತ್ತಂತೆ. ಕನ್ನಡಕದ ಅಂಗಡಿಯಲ್ಲಿ ದೃಷ್ಟಿ ಸರಿಯಿದೆ ಎಂದರು. ಮೊಬೈಲ್ ಜಾಸ್ತಿ ನೋಡ್ತಾನೆ, ಅದೇ ಕಾರಣ ಇರಬೇಕು. ಸ್ಟೆರಾಯ್ಡ್ ಮಾತ್ರೆ ನಿಲ್ಲಿಸಿ ನೋಡಲೇ?”

ಸಂಪಾದಕರ ಉತ್ತರ:

ಮಾತ್ರೆ ಮುಟ್ಟಬೇಡಿ ಸ್ವಾಮಿ! ನೀವಾಗಿಯೇ ನಿಲ್ಲಿಸಿದರೆ ಆ ತಾಯಿ ಕೊಟ್ಟ ಕಿಡ್ನಿಗೇ ಕುತ್ತು. ಇಂಥ ತಲೆನೋವು, ಕಣ್ಣು ಕತ್ತಲೆ ತಲೆಬುರುಡೆಯೊಳಗಿನ ಒತ್ತಡ ಏರಿದ್ದರಿಂದಲೂ ಇರಬಹುದು. ಸ್ಟೆರಾಯ್ಡ್ ಇಳಿಸುವಾಗಲೇ ಆ ಒತ್ತಡ ಏರುವುದೂ ಉಂಟು. ಎತ್ತರ ಬೆಳೆಯಲೆಂದು ಕೊಡುವ ಗ್ರೋತ್ ಹಾರ್ಮೋನ್, ದಿಢೀರನೆ ಏರಿದ ತೂಕ ಕೂಡ ಕಾರಣವಾಗಬಹುದು.

ಮೊಬೈಲ್ ಮಕ್ಕಳಿಗೆ ಒಳ್ಳೆಯದಲ್ಲ, ಒಪ್ಪಿದೆ. ಆದರೆ ಎಲ್ಲವನ್ನೂ ಅದರ ತಲೆಗೆ ಕಟ್ಟಿ ಸುಮ್ನೆ ಕೂರಬೇಡಿ. ಮೆದುಳಿನ ಸುತ್ತಲಿನ ನೀರಿನ ಒತ್ತಡ ಏರಿದರೆ ಕಣ್ಣಿನ ನರದ ತುದಿ ಊದಿಕೊಳ್ಳುತ್ತದೆ. ಶುರುವಿನಲ್ಲಿ ಮಗು ಬೋರ್ಡಿನ ಕೊನೇ ಸಾಲನ್ನೂ ಪಟಪಟ ಓದಬಹುದು. ನೋಟದ ಅಂಚು ಸವೆಯುತ್ತಿರುವುದು ಅದಕ್ಕೇ ಗೊತ್ತಾಗುವುದಿಲ್ಲ. ಹನಿ ಹಾಕಿ, ಪಾಪೆ ಹಿಗ್ಗಿಸಿ, ಕಣ್ಣಿನ ಒಳಗೆ ನೋಡಬೇಕು. ಹಾಗೆ ನೋಡುವ ಉಪಕರಣವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1851ರಲ್ಲೇ ಮಾಡಿಕೊಟ್ಟರು. ಇಷ್ಟು ಹಳೆಯ, ಇಷ್ಟು ಸುಲಭದ ಪರೀಕ್ಷೆಗೂ ನಮ್ಮ ಮಕ್ಕಳು ಕಾಯಬೇಕೇ?

ಮೈಸೂರಿನ ನಮ್ಮ ಬಡಾವಣೆಯ ಹುಡುಗಿಯೊಬ್ಬಳಿಗೂ ಕಿಡ್ನಿ ಕಸಿಯಾಗಿತ್ತು. ಅವಳ ಅಪ್ಪ ತಂದಿಟ್ಟ ಫೈಲನ್ನು ಪೂರ್ತಿ ತಿರುವಿ ಹಾಕಿದ್ದೇನೆ. ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್, ಬಿಪಿ, ತೂಕ, ಕಸಿ ಕಿಡ್ನಿಯನ್ನು ದೇಹ ತಳ್ಳಿಹಾಕದಂತೆ ಕೊಡುವ ಟ್ಯಾಕ್ರೊಲಿಮಸ್ ಮಾತ್ರೆಯ ಮಟ್ಟ, ಎಲ್ಲಕ್ಕೂ ಪುಟಗಟ್ಟಲೆ ಲೆಕ್ಕ. ಕಣ್ಣಿನದು ಒಂದು ಹಾಳೆಯೂ ಇಲ್ಲ! ಎಲ್ಲ ಎರಡೆರಡಾಗಿ ಕಾಣುತ್ತೆ ಎಂದು ಅವಳು ಹೇಳಿದರೆ ಶಾಲೆಯಲ್ಲಿ “ಪರೀಕ್ಷೆ ಬಂತಲ್ಲ, ನಾಟಕ” ಎಂದರಂತೆ. ಕಣ್ಣನ್ನು ಹೊರಗೆ ಹೊರಳಿಸುವ ನರ ಇದೇ ಒತ್ತಡಕ್ಕೆ ಸೋತರೂ ಹಾಗೆ ಕಾಣುತ್ತದೆ. ಮಕ್ಕಳು ನೋವು ಅಂದರೆ ನಾವು ದೊಡ್ಡವರು ನಂಬುವುದೇ ಇಲ್ಲ, ಅಲ್ವಾ? ಶಾಲೆಯ ಕಣ್ಣಿನ ಶಿಬಿರಗಳೂ ಅಷ್ಟೇ. ಅಕ್ಷರ ಓದಿಸಿ, ಕನ್ನಡಕ ಬರೆದುಕೊಟ್ಟು ಮುಗಿಸುತ್ತಾರೆ. “ನಿಂಗೆ ಏನಾಗುತ್ತೆ ಪುಟ್ಟಾ?” ಎಂದು ಕೇಳುವವರಿಲ್ಲ.

ನೀವು ಪತ್ರ ಬರೆದಿರಿ, ಸೋದರಮಾವ ಅಂದರೆ ಹೀಗಿರಬೇಕು. ಇನ್ನು ತಡಮಾಡಬೇಡಿ. ಇವತ್ತೇ ಕಿಡ್ನಿ ಡಾಕ್ಟರಿಗೆ ಫೋನ್ ಮಾಡಿ. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲೂ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಕಣ್ಣಿನ ವಿಭಾಗವಿದೆ. ನರ ಊದಿದ್ದರೆ ಬಿಪಿ ನೋಡಿ, ಎಂಆರ್‌ಐ ಮಾಡಿ, ತಲೆಯೊಳಗೆ ಗಡ್ಡೆ, ರಕ್ತದ ಹೆಪ್ಪು ಇಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಆಮೇಲೆ ಬೆನ್ನಿಗೆ ಸೂಜಿ ಹಾಕಿ ಮೆದುಳಿನ ಸುತ್ತಲಿನ ಆ ನೀರಿನ ಒತ್ತಡ ಅಳೆಯುತ್ತಾರೆ. ಮಕ್ಕಳಲ್ಲಿ 28 ಸೆಂಟಿಮೀಟರ್ ನೀರಿನ ಮಟ್ಟ ದಾಟಿದರೆ ಜಾಸ್ತಿ ಎಂದು ಲೆಕ್ಕ. ಸೂಜಿ ಎಂದು ಹೆದರಿ ವಾಪಸ್ ಕರೆತರಬೇಡಿ. ಅಸೆಟಜೋಲಮೈಡ್ ಮಾತ್ರೆಯಿಂದ ಒತ್ತಡ ಇಳಿಸಬಹುದು. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ನೋಡಿಯೇ ಅದರ ಪ್ರಮಾಣ ಗೊತ್ತುಮಾಡಬೇಕು. ಹಾಗಾಗಿ ಕಣ್ಣಿನ ಡಾಕ್ಟರೂ ಕಿಡ್ನಿ ಡಾಕ್ಟರೂ ಮಾತಾಡಿಕೊಳ್ಳುವಂತೆ ನೀವೇ ಮುಂದೆ ನಿಂತು ನೋಡಿಕೊಳ್ಳಿ.